ಮೊದಲು ನೋಡಿದ ವಿಡಿಯೊ ಯಾವುದು?

ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬರುವ ಹುಡುಗರಿಗೆ ಈಚೆಗೆ ತಪ್ಪದೆ ಒಂದು ಪ್ರಶ್ನೆ ಕೇಳುತ್ತೇನೆ. "ಇವರದ್ದು ನೀನು ಮೊದಲು ನೋಡಿದ ವಿಡಿಯೊ ಯಾವುದು?"

ಇವರು ಅಂದರೆ ಗಂಡಸುತನದ ಪಾಠ ಹೇಳುವ ಬಲಪಂಥೀಯ ಇನ್‌ಫ್ಲುಯೆನ್ಸರ್‌ಗಳು. ಸ್ತ್ರೀವಾದ ಬಂದು ಗಂಡಸರು ಕೆಟ್ಟರು, ಹೆಣ್ಣನ್ನು ಹದ್ದುಬಸ್ತಿನಲ್ಲಿ ಇಡಬೇಕು, ಹೊರಗಿನಿಂದ ಬಂದವರು ನಿನ್ನ ಕೆಲಸ ಕಿತ್ತುಕೊಂಡರು ಅಂತ ಗಂಟೆಗಟ್ಟಲೆ ಮಾತಾಡುವವರು. ಆದರೆ ಹುಡುಗರು ನೆನಪು ಮಾಡಿಕೊಂಡು ಹೇಳುವ ಮೊದಲ ವಿಡಿಯೊದಲ್ಲಿ ಇದ್ಯಾವುದೂ ಇರುವುದಿಲ್ಲ. ತೋಳು ದಪ್ಪ ಮಾಡಿಕೊಳ್ಳುವುದು ಹೇಗೆ. ಬೆಳಿಗ್ಗೆ ಐದಕ್ಕೆ ಏಳುವುದು ಹೇಗೆ. ಹುಡುಗಿ ಬಿಟ್ಟುಹೋದ ಮೇಲೆ ನಿದ್ದೆ ಬರಬೇಕಾದರೆ ಏನು ಮಾಡಬೇಕು. ಒಬ್ಬ ತಲೆ ತಗ್ಗಿಸಿಕೊಂಡು ಹೇಳಿದ, "ಮೊಡವೆ ಹೋಗೋದು ಹೇಗೆ ಅಂತ ಹುಡುಕಿದ್ದೆ, ಅಷ್ಟೇ."

ಅವನ ವಿಷಯವನ್ನೇ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ವಯಸ್ಸು 21. ಅಮ್ಮ ಕರೆದುಕೊಂಡು ಬಂದಿದ್ದರು. ಅಕ್ಕನ ಜೊತೆ ಜಗಳವಾಡಿ, "ನಿನ್ನಂಥವರನ್ನು ಓದಿಸಿದ್ದೇ ತಪ್ಪು" ಅಂದುಬಿಟ್ಟಿದ್ದ. ಆಮೇಲೆ ಅದಕ್ಕಿಂತ ಕೆಟ್ಟ ಮಾತುಗಳೂ ಬಂದವು. ಅಕ್ಕ ಮನೆ ಬಿಟ್ಟು ಗೆಳತಿಯ ಜೊತೆ ಇರಲು ಹೋಗಿದ್ದಳು. ನನ್ನ ಎದುರು ಕೂತು ಅವನು ಆಡಿದ ಮೊದಲ ಮಾತು: "ನೀವು ಲೇಡಿ. ನಿಮಗೆ ಇದು ಅರ್ಥ ಆಗಲ್ಲ ಮೇಡಂ."

ಎರಡನೇ ವಾರ "ನಾನು ಬೀಟಾ" ಅಂದ. ಈ ಲೋಕದಲ್ಲಿ ಗಂಡಸರಲ್ಲಿ ಎರಡು ಜಾತಿ. ಆಲ್ಫಾ ಅಂದರೆ ಆಳುವವನು, ಬೀಟಾ ಅಂದರೆ ಬಗ್ಗಿ ನಡೆಯುವವನು. ತೋಳಗಳ ಗುಂಪಿನಲ್ಲಿ ಹೀಗೇ ಇರುತ್ತದೆ, ಇದು ಪ್ರಕೃತಿಯ ನಿಯಮ ಅಂತ ಅವನಿಗೆ ಹೇಳಿಕೊಟ್ಟಿದ್ದರು.

ನನಗೆ ಈ ತೋಳದ ಕಥೆ ಗೊತ್ತಿತ್ತು. ಉತ್ಸಾಹದಿಂದ ಹೇಳಿದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಮೃಗಾಲಯದ ತೋಳಗಳನ್ನು ನೋಡಿ ಬರೆದದ್ದು ಇದರ ಮೂಲ. ಒಂದಕ್ಕೊಂದು ಸಂಬಂಧವಿಲ್ಲದ ತೋಳಗಳನ್ನು ಒಂದೇ ಆವರಣದಲ್ಲಿ ಕೂಡಿಹಾಕಿದರೆ ಅವು ಕಚ್ಚಾಡದೆ ಇನ್ನೇನು ಮಾಡಿಯಾವು? ಅಮೆರಿಕದ ಡೇವಿಡ್ ಮೆಕ್ 1970ರಲ್ಲಿ ಬರೆದ ಪುಸ್ತಕದಿಂದ ಆಲ್ಫಾ ಎಂಬ ಮಾತು ಎಲ್ಲ ಕಡೆ ಹರಡಿತು. ಅದೇ ಮೆಕ್ ಆಮೇಲೆ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಬೇಸಿಗೆಯ ಮೇಲೆ ಬೇಸಿಗೆ ಕಾಡು ತೋಳಗಳ ಹತ್ತಿರವೇ ಇದ್ದು ನೋಡಿದರು. ಅಲ್ಲಿ ಕಂಡದ್ದು ಒಂದು ಸಂಸಾರ. ಅಪ್ಪ, ಅಮ್ಮ, ಮರಿಗಳು. ಮರಿ ದೊಡ್ಡದಾದ ಮೇಲೆ ಹೊರಟುಹೋಗಿ ತನ್ನದೇ ಸಂಸಾರ ಕಟ್ಟುತ್ತದೆ. ಯಾರನ್ನೂ ಕೆಡವಿ ಗದ್ದುಗೆ ಏರಬೇಕಿಲ್ಲ. 1999ರಲ್ಲಿ ಅವರು ಇದನ್ನು ಬರೆದು ಪ್ರಕಟಿಸಿದರು. ತಮ್ಮ ಹಳೆಯ ಪುಸ್ತಕ ಮತ್ತೆ ಅಚ್ಚಾಗುವುದು ಬೇಡ ಅಂತ ಪ್ರಕಾಶಕರನ್ನೇ ಕೇಳಿಕೊಂಡರು.

ಹುಡುಗ ಸುಮ್ಮನೆ ಕೇಳಿಸಿಕೊಂಡ. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ತಪ್ಪು ನನ್ನದು. ಇದು ನನಗೆ ನಿಧಾನಕ್ಕೆ ಹೊಳೆಯಿತು. ಅವನು ಎರಡು ಸಲ ಪರೀಕ್ಷೆಯಲ್ಲಿ ಬಿದ್ದಿದ್ದ. ಒಬ್ಬಳನ್ನು ಇಷ್ಟಪಟ್ಟು, ಹೇಳಿಕೊಂಡು, ಇಲ್ಲ ಅನ್ನಿಸಿಕೊಂಡಿದ್ದ. ಜೊತೆಯವರು ಕೆಲಸ ಹಿಡಿದು ಬೇರೆ ಬೇರೆ ಊರಿಗೆ ಹೋಗಿದ್ದರು. ಇದೆಲ್ಲ ತನಗೇ ಯಾಕೆ ಆಯಿತು ಅನ್ನುವುದಕ್ಕೆ ಅವನ ಹತ್ತಿರ ಇದ್ದದ್ದು ಒಂದೇ ಉತ್ತರ, ಆ ಬೀಟಾ. ಕೆಟ್ಟ ಉತ್ತರವೇ. ಆದರೂ ಅದು ಉತ್ತರವಾಗಿತ್ತು. ಬೀಟಾ ಆದವನು ಆಲ್ಫಾ ಆಗಬಹುದು ಅನ್ನುವ ಆಸೆ ಅದರೊಳಗೇ ಇತ್ತು. ನಾನು ಅದನ್ನು ಕಿತ್ತುಕೊಂಡು ಕೈಗೆ ಏನನ್ನೂ ಕೊಡದೆ ಕಳಿಸಿದ್ದೆ.

ಈ ಹುಡುಗರ ಒಳಗೆ ನಾನು ಜಾಸ್ತಿ ಕಾಣುವುದು ನಾಚಿಕೆಯನ್ನು. ಸಿಟ್ಟು ಅದರ ಮೇಲೆ ಹೊದ್ದುಕೊಂಡ ಕಂಬಳಿ. ಹೆಣ್ಣು ದೊಡ್ಡವಳಾದರೆ ಹೆಂಗಸು ಅನ್ನುತ್ತಾರೆ, ಮುಗಿಯಿತು. ಗಂಡಸು ಅನ್ನಿಸಿಕೊಳ್ಳುವುದನ್ನು ಮಾತ್ರ ಸಂಪಾದಿಸಬೇಕು. ಸಂಪಾದಿಸಿದ ಮೇಲೂ ಅದು ಯಾವ ಗಳಿಗೆಯಲ್ಲಾದರೂ ಕೈ ಜಾರಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜೋಸೆಫ್ ವಾಂಡೆಲ್ಲೊ ಮತ್ತು ಜೆನಿಫರ್ ಬಾಸನ್ 2008ರಿಂದ ಈಚೆಗೆ ಇದನ್ನೇ ಬಿಡಿಸಿ ತೋರಿಸಿದ್ದಾರೆ. ಅವರ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಕೆಲವು ಗಂಡಸರಿಗೆ ಗೊಂಬೆಯ ತಲೆಗೂದಲಿಗೆ ಜಡೆ ಹಾಕಲು ಹೇಳಿದರು. ಇನ್ನು ಕೆಲವರಿಗೆ ಹಗ್ಗ ಹೆಣೆಯಲು ಹೇಳಿದರು. ಕೈಯ ಕೆಲಸ ಎರಡರಲ್ಲೂ ಒಂದೇ. ಮುಗಿದ ಮೇಲೆ, ಒಗಟು ಬಿಡಿಸುತ್ತೀರೋ, ಬಾಕ್ಸಿಂಗ್ ಚೀಲಕ್ಕೆ ಗುದ್ದುತ್ತೀರೋ ಅಂತ ಕೇಳಿದರು. ಜಡೆ ಹಾಕಿದವರಲ್ಲೇ ಗುದ್ದಲು ಹೋದವರು ಜಾಸ್ತಿ. ಒಂದು ಜಡೆಗೇ ಇಷ್ಟು ಅಲುಗಾಡುವ ಮನಸ್ಸು, ಕೆಲಸ ಸಿಗದ ಎರಡು ವರ್ಷವನ್ನು ಹೇಗೆ ತಡೆದುಕೊಳ್ಳಬೇಕು?

ಅಂಥ ಹೊತ್ತಿನಲ್ಲಿ ಒಬ್ಬ ಗಟ್ಟಿ ಆಳು ಸ್ಕ್ರೀನ್ ಮೇಲೆ ಬಂದು, "ತಮ್ಮಾ, ನಿನ್ನ ಕಷ್ಟ ನನಗೆ ಗೊತ್ತು" ಅನ್ನುತ್ತಾನೆ. ಬೇರೆ ಯಾರೂ ಹಾಗೆ ಅಂದಿರುವುದಿಲ್ಲ. ಎದ್ದೇಳು, ವ್ಯಾಯಾಮ ಮಾಡು, ಅಶ್ಲೀಲ ವಿಡಿಯೊ ಬಿಡು, ದುಡ್ಡು ಉಳಿಸು ಅನ್ನುತ್ತಾನೆ. ಇದರಲ್ಲಿ ತಪ್ಪೇನಿದೆ ಹೇಳಿ? ಹುಡುಗ ಹದಿನೈದು ದಿನ ಮಾಡುತ್ತಾನೆ. ನಿಜವಾಗಿಯೂ ಮೈ ಹಗುರಾಗುತ್ತದೆ. ಆ ಆಳಿನ ಋಣ ತೀರಿಸಬೇಕು ಅನ್ನಿಸುವಷ್ಟು ನಂಬಿಕೆ ಬರುತ್ತದೆ. ನಿನ್ನ ಈ ಗತಿಗೆ ಕಾರಣ ಯಾರು ಅನ್ನುವ ಮಾತು ಬರುವುದು ಆಮೇಲೆ.

ಆ ಆಮೇಲೆ ಎಷ್ಟು ಬೇಗ ಬರುತ್ತದೆ ಅನ್ನುವುದು ಅಳತೆಗೂ ಸಿಕ್ಕಿದೆ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಡಬ್ಲಿನ್ ಸಿಟಿ ಯೂನಿವರ್ಸಿಟಿಯ ಸಂಶೋಧಕರು ಹದಿಹರೆಯದ ಹುಡುಗರ ಹೆಸರಿನಲ್ಲಿ ಟಿಕ್‌ಟಾಕ್ ಮತ್ತು ಯೂಟ್ಯೂಬ್ ಶಾರ್ಟ್ಸ್ ಖಾತೆ ತೆರೆದರು. ಕೆಲವು ಖಾತೆಗಳು ಬರೀ ಜಿಮ್, ಆಟ, ವಿಡಿಯೊ ಗೇಮ್ ಹುಡುಕಿದವು. ಹೆಣ್ಣನ್ನು ಹೀಗಳೆಯುವ ವಿಡಿಯೊಗಳು ಆ ಖಾತೆಗಳಿಗೂ ಬಂದವು. ಅದೂ ಮೊದಲ 23 ನಿಮಿಷದೊಳಗೆ. ಅಂಥದ್ದನ್ನು ನೋಡುತ್ತ ಹೋದಂತೆ, ಎರಡು ಮೂರು ಗಂಟೆಯಲ್ಲಿ ಪರದೆಯ ಮೇಲೆ ಬಹುಪಾಲು ಅದೇ ಆಗಿತ್ತು. ಇದರ ಹಿಂದೆ ಯಾರೋ ಕೂತು ಸಂಚು ಮಾಡಬೇಕಿಲ್ಲ. ಎಷ್ಟು ಹೊತ್ತು ನೋಡಿದ ಅನ್ನುವುದನ್ನು ಲೆಕ್ಕ ಹಾಕುವ ಯಂತ್ರಕ್ಕೆ ಸಿಟ್ಟು ಬರಿಸುವ ವಿಡಿಯೊವೇ ಲಾಭ.

ವ್ಯಾಪಾರವೂ ಇದೆ. ಇಂಥ ಇನ್‌ಫ್ಲುಯೆನ್ಸರ್‌ಗಳಲ್ಲಿ ಒಬ್ಬ, ಹಿಂದೆ ಕಿಕ್‌ಬಾಕ್ಸರ್ ಆಗಿದ್ದ ಆಂಡ್ರೂ ಟೇಟ್. ಆತನ ಖಾತೆಗಳನ್ನು 2022ರ ಆಗಸ್ಟ್‌ನಲ್ಲಿ ದೊಡ್ಡ ದೊಡ್ಡ ಕಂಪನಿಗಳು ತೆಗೆದುಹಾಕಿದವು. ಕ್ಲಿಪ್‌ಗಳು ನಿಲ್ಲಲಿಲ್ಲ. ಶ್ರೀಮಂತನಾಗುವುದು ಹೇಗೆ ಅಂತ ಕಲಿಯಲು ತಿಂಗಳಿಗೆ ಸುಮಾರು 50 ಡಾಲರ್ ಕಟ್ಟಿ ಆತನ ಆನ್‌ಲೈನ್ ಕೋರ್ಸ್ ಸೇರಿದ್ದ ಹುಡುಗರೇ ಆತನ ಮಾತು ಕತ್ತರಿಸಿ ಹಾಕುತ್ತಿದ್ದರು. ಹೊಸಬರನ್ನು ಸೇರಿಸಿದರೆ ಆಗ ಕಮಿಷನ್ ಸಿಗುತ್ತಿತ್ತು. ನೋಡುವವನೇ ಮಾರುವವನೂ ಆದ.

ಒಂದು ಮಾತು ಸ್ಪಷ್ಟವಾಗಿರಲಿ. ಬಲಪಂಥೀಯ ಅಭಿಪ್ರಾಯ ರೋಗವಲ್ಲ. ದೇವರು, ಸಂಪ್ರದಾಯ, ಕಡಿಮೆ ತೆರಿಗೆ, ಗಟ್ಟಿ ಕಾನೂನು ಬೇಕು ಅನ್ನುವವರನ್ನು ಸರಿ ಮಾಡುವುದು ನನ್ನ ಕೆಲಸ ಅಲ್ಲ. ಎದುರಿಗಿರುವ ಹೆಣ್ಣನ್ನು ಮನುಷ್ಯಳು ಅಂತ ನೋಡುವುದು ನಿಂತಾಗ ನನ್ನ ಕೆಲಸ ಶುರು. ಹುಡುಗರ ದೂರೆಲ್ಲ ಬರೀ ಸುಳ್ಳು ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ದಕ್ಷಿಣ ಕೊರಿಯಾದಲ್ಲಿ ಹುಡುಗರಿಗೆ ಮಾತ್ರ ಸೇನಾ ಸೇವೆ ಕಡ್ಡಾಯ. ಮನೆಯ ಬೆಲೆ ಕೈಗೆ ಸಿಗುವುದಿಲ್ಲ, ಕೆಲಸಕ್ಕೆ ಕತ್ತು ಹಿಸುಕುವ ಪೈಪೋಟಿ. 2022ರ ಅಧ್ಯಕ್ಷ ಚುನಾವಣೆಯಲ್ಲಿ ಬಲಪಂಥೀಯ ಅಭ್ಯರ್ಥಿ ಯೂನ್ ಸುಕ್ ಯೋಲ್, ಲಿಂಗ ಸಮಾನತೆಯ ಸಚಿವಾಲಯವನ್ನೇ ಮುಚ್ಚುತ್ತೇನೆ ಅಂದರು. ಮತಗಟ್ಟೆ ಸಮೀಕ್ಷೆಯ ಪ್ರಕಾರ 30ರೊಳಗಿನ ಗಂಡಸರಲ್ಲಿ ಸುಮಾರು 59% ಅವರಿಗೆ ಮತ ಹಾಕಿದರು. ಅದೇ ವಯಸ್ಸಿನ ಹೆಂಗಸರಲ್ಲಿ ಸುಮಾರು 34%. ಒಂದೇ ಕಾಲೇಜಿನಲ್ಲಿ ಓದಿದವರು ಇವರು. ಆ ಸಚಿವಾಲಯ ಮುಚ್ಚಿದರೆ ಮನೆ ಬಾಡಿಗೆ ಕಡಿಮೆ ಆಗುತ್ತಿತ್ತಾ? ಕಷ್ಟ ನಿಜವಾದದ್ದು, ತೋರಿಸಿದ ಶತ್ರು ಮಾತ್ರ ಬೇರೆ.

ಉಗ್ರವಾದದ ಕಡೆ ಹೋದವರ ಬಗ್ಗೆ ಕೆಲಸ ಮಾಡಿದ ಆರಿ ಕ್ರುಗ್ಲಾನ್ಸ್ಕಿ ಮೂರು ವಿಷಯ ಹೇಳುತ್ತಾರೆ. ನಾನೂ ಒಬ್ಬ ಮನುಷ್ಯ ಅನ್ನಿಸಿಕೊಳ್ಳುವ ಹಸಿವು, ಅದಕ್ಕೆ ದಾರಿ ತೋರುವ ಒಂದು ಕಥೆ, ಆ ಕಥೆಯನ್ನು ನಂಬುವ ಜೊತೆಗಾರರು. ನನ್ನ ಅನುಭವದಲ್ಲಿ ಮೂರನೆಯದಕ್ಕೇ ತೂಕ ಜಾಸ್ತಿ. ಅಮೆರಿಕದ ಸಮೀಕ್ಷೆಗಳಲ್ಲಿ ಆಪ್ತ ಗೆಳೆಯ ಒಬ್ಬನೂ ಇಲ್ಲ ಅಂದ ಗಂಡಸರು 1990ರಲ್ಲಿ 3% ಇದ್ದರು. 2021ಕ್ಕೆ 15%. ನ್ಯೂಯಾರ್ಕ್ ಯೂನಿವರ್ಸಿಟಿಯ ನಯೋಬಿ ವೇ ವರ್ಷಗಟ್ಟಲೆ ಹುಡುಗರನ್ನು ಮಾತಾಡಿಸಿದ್ದಾರೆ. ಹದಿಮೂರು ಹದಿನಾಲ್ಕರ ಹುಡುಗ, ನನ್ನ ಗುಟ್ಟೆಲ್ಲ ಅವನಿಗೆ ಗೊತ್ತು, ಅವನಿಲ್ಲದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ ಅನ್ನುವ ಹಾಗೆ ಗೆಳೆಯನ ಬಗ್ಗೆ ಮಾತಾಡುತ್ತಾನಂತೆ. ಹದಿನಾರು ಹದಿನೇಳಕ್ಕೆ ಆ ಮಾತು ನಿಂತುಹೋಗುತ್ತದೆ. ಹಾಗೆ ಆಡುವುದು ಗಂಡಸಿಗೆ ತಕ್ಕದ್ದಲ್ಲ ಅಂತ ಅಷ್ಟರಲ್ಲಿ ಕಲಿತಿರುತ್ತಾನೆ. ಇದನ್ನು ಓದಿದಾಗ ನನ್ನ ಕೋಣೆಯಲ್ಲಿ ಕೂತ ಎಷ್ಟೋ ಮುಖಗಳು ಕಣ್ಣ ಮುಂದೆ ಬಂದವು.

ಒಂಟಿತನಕ್ಕೆ ಹುಟ್ಟಿದ ಜಾಗವೇ ಹೇಗೆ ತಿರುಗಿಬಿಡುತ್ತದೆ ಅನ್ನುವುದಕ್ಕೆ 'ಇನ್‌ಸೆಲ್' ಎಂಬ ಪದ ಸಾಕು. ಬಯಸಿದರೂ ಸಂಗಾತಿ ಸಿಗದವರು ಅಂತ ಅದರ ಅರ್ಥ. 1997ರಲ್ಲಿ ಕೆನಡಾದ ಒಬ್ಬ ವಿದ್ಯಾರ್ಥಿನಿ ತನ್ನ ಹಾಗೇ ಒಂಟಿಯಾದವರಿಗೆ ಅಂತ ಒಂದು ವೆಬ್‌ಸೈಟ್ ಮಾಡಿದಳು. ಹುಡುಗರು, ಹುಡುಗಿಯರು ಇಬ್ಬರೂ ಇದ್ದರು. ಆ ಪದ ಹುಟ್ಟಿದ್ದು ಅಲ್ಲಿ. ಆಕೆ ಅದನ್ನು ಬಿಟ್ಟು ತನ್ನ ದಾರಿ ಹಿಡಿದ ಮೇಲೆ ಪದ ಹೆಣ್ಣನ್ನು ದ್ವೇಷಿಸುವವರ ಕೈ ಸೇರಿತು. 2018ರ ಏಪ್ರಿಲ್‌ನಲ್ಲಿ ಟೊರಾಂಟೊದಲ್ಲಿ ಒಬ್ಬ, ಇನ್‌ಸೆಲ್‌ಗಳ ಬಂಡಾಯ ಶುರುವಾಗಿದೆ ಅಂತ ಫೇಸ್‌ಬುಕ್‌ನಲ್ಲಿ ಬರೆದು, ದಾರಿಹೋಕರ ಮೇಲೆ ವ್ಯಾನ್ ಹರಿಸಿದ. ಆ ದಿನ ಸತ್ತವರು ಹತ್ತು ಜನ. ಹೆಚ್ಚಿನವರು ಹೆಂಗಸರು. ನನ್ನ ಹತ್ತಿರ ಬರುವ ಹುಡುಗರು ಅಲ್ಲಿಗೆ ಹೋಗುವವರಲ್ಲ. ಆದರೆ ಅವರ ಅಕ್ಕ ತಂಗಿಯರು, ಜೊತೆ ಓದುವವರು, ಪಾಠ ಹೇಳುವ ಮೇಡಂಗಳು ದಿನಾ ಸಣ್ಣ ಸಣ್ಣ ಬೆಲೆ ಕೊಡುತ್ತಿದ್ದಾರೆ. ಹುಡುಗನ ನೋವನ್ನು ಅರ್ಥ ಮಾಡಿಕೊಳ್ಳುವ ಭಾರವನ್ನೂ ಅವರ ಮೇಲೇ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಅಪ್ಪ ಅಮ್ಮಂದಿರು ಫೋನ್ ಕಿತ್ತಿಡಲಾ ಅಂತ ಕೇಳುತ್ತಾರೆ. ಚಿಕ್ಕ ಮಕ್ಕಳಾದರೆ ಸರಿ. ಹತ್ತೊಂಬತ್ತರವನಿಗೆ ಆಗದ ಮಾತು. ಕೂತು ಒಂದು ವಿಡಿಯೊ ಜೊತೆಯಲ್ಲಿ ನೋಡಿ ಅನ್ನುತ್ತೇನೆ. ಇದರಲ್ಲಿ ನಿನಗೆ ಯಾವುದು ಉಪಯೋಗಕ್ಕೆ ಬಂತು ಅಂತ ಕೇಳಿ. ಕೇಳಿದ ಮೇಲೆ ಬಾಯಿ ಮುಚ್ಚಿ ಕೇಳಿಸಿಕೊಳ್ಳಿ. ಅಪ್ಪಂದಿರಿಗೆ ಇದು ತುಂಬಾ ಕಷ್ಟ. ಅವರ ಸೋಲುಗಳ ಬಗ್ಗೆ ಮನೆಯಲ್ಲಿ ಯಾರಿಗೂ ಏನೂ ಗೊತ್ತಿರುವುದಿಲ್ಲ. ಒಬ್ಬ ಅಪ್ಪ ಮಗನ ಎದುರು, "ನನ್ನನ್ನೂ ಒಂದು ಸಲ ಕೆಲಸದಿಂದ ತೆಗೆದಿದ್ದರು, ಆರು ತಿಂಗಳು ಮನೆಯಲ್ಲಿ ಹೇಳಿರಲಿಲ್ಲ" ಅಂದರು. ಆ ಮಗ ಅಪ್ಪನನ್ನು ಅಷ್ಟು ಹೊತ್ತು ನೋಡಿದ್ದು ನಾನು ಬೇರೆ ಯಾವತ್ತೂ ಕಂಡಿರಲಿಲ್ಲ.

ಮೊಡವೆಯ ಹುಡುಗ ಐದನೇ ವಾರ ವಾಪಸ್ ಬಂದ. ಈ ಸಲ ನಾನು ತೋಳದ ಮಾತು ಎತ್ತಲಿಲ್ಲ. ಮೊದಲ ವಿಡಿಯೊ ಯಾವುದು ಅಂತ ಕೇಳಿದ್ದು ಆಗಲೇ. ಮೊಡವೆ ಅಂದ ಮೇಲೆ ಒಂದು ಗಂಟೆ ಮಾತಾಡಿದ. ಮುಖದ ಬಗ್ಗೆ ತರಗತಿಯಲ್ಲಿ ಯಾರು ಏನಂದರು, ಎಷ್ಟು ದಿನ ಕನ್ನಡಿ ನೋಡಲಿಲ್ಲ, ಎಲ್ಲ. ಇದನ್ನು ಬೇರೆ ಯಾರಿಗಾದರೂ ಹೇಳಿದ್ದೀಯಾ ಅಂದೆ. "ಅಕ್ಕನಿಗೆ. ಆಗ ಚಿಕ್ಕವನಿದ್ದೆ. ಅವಳೇ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿದ್ಲು" ಅಂದ. ಅಂದವನು ಸುಮ್ಮನಾಗಿಬಿಟ್ಟ.

ಇದೆಲ್ಲ ಆಗಿ ಎಂಟು ತಿಂಗಳಾಯಿತು. ಬೆಳಿಗ್ಗೆ ಬೇಗ ಏಳುವುದನ್ನು ಬಿಟ್ಟಿಲ್ಲ, ನಾನೂ ಬಿಡು ಅಂದಿಲ್ಲ. ಹಳೆಯ ಗೆಳೆಯರಲ್ಲಿ ಒಬ್ಬನಿಗೆ ತಾನಾಗಿ ಫೋನ್ ಮಾಡಿದ. ಈಗ ವಾರಕ್ಕೊಮ್ಮೆ ಮಾತಾಡುತ್ತಾರೆ. ಆ ಚಾನೆಲ್‌ಗಳಲ್ಲಿ ಎರಡನ್ನು ಇನ್ನೂ ನೋಡುತ್ತಾನೆ, ಮುಚ್ಚಿಡುವುದಿಲ್ಲ. ಅಕ್ಕನಿಗೆ ಮಾತ್ರ ಪ್ರತಿ ಭಾನುವಾರ ಒಂದು ಮೆಸೇಜ್ ಕಳಿಸುತ್ತಾನೆ. ಅವಳು ಓದುತ್ತಾಳೆ, ಉತ್ತರ ಬರೆಯುವುದಿಲ್ಲ. ಯಾವಾಗ ಬರೆಯುತ್ತಾಳೆ ಮೇಡಂ ಅಂತ ಕಳೆದ ವಾರ ಕೇಳಿದ. ಬರೆಯಲೇಬೇಕು ಅಂತೇನೂ ಇಲ್ಲ ಅಂದೆ. ಅವನು ತಲೆಯಾಡಿಸಿದ. ಈ ಭಾನುವಾರವೂ ಕಳಿಸಿದ್ದಾನೆ.