ಎರಡು ಬಿಂದು ಕೊಟ್ಟಾಗ ಯಾವುದು ಮೊದಲನೆಯದು?

ಪ್ರಶ್ನೆ: (2, 3) ಮತ್ತು (−1, 9) ಬಿಂದುಗಳ ಮೂಲಕ ಹಾದುಹೋಗುವ ಸರಳರೇಖೆಯ ಸಮೀಕರಣ ಬರೆಯುವಾಗ ಯಾವ ಬಿಂದುವನ್ನು ಮೊದಲು ತೆಗೆದುಕೊಳ್ಳಬೇಕು?

ಯಾವುದನ್ನಾದರೂ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಆದ್ದರಿಂದ ಈ ಸಲ ಬಿಡಿಸಿಯೇ ಹೇಳುತ್ತೇನೆ. ಪ್ರಶ್ನೆಪತ್ರಿಕೆಯಲ್ಲಿ ಮೊದಲು ಅಚ್ಚಾದದ್ದೇ ಮೊದಲ ಬಿಂದು, ಎಕ್ಸ್ ಬೆಲೆ ಚಿಕ್ಕದಿರುವುದೇ ಮೊದಲ ಬಿಂದು ಎಂಬ ನಿಯಮ ಗಣಿತದಲ್ಲಿ ಎಲ್ಲೂ ಇಲ್ಲ.

ಮಾಡಿ ನೋಡಿ. ವೈ ಬೆಲೆಗಳ ವ್ಯತ್ಯಾಸ 9 − 3 = 6. ಎಕ್ಸ್ ಬೆಲೆಗಳದು −1 − 2 = −3. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಇಳಿಜಾರು, ಅಂದರೆ ರೇಖೆ ಎಷ್ಟು ಓರೆಯಾಗಿದೆ ಎಂಬುದರ ಅಳತೆ, ಸಿಗುತ್ತದೆ: 6/(−3) = −2. ಈಗ ತಿರುಗಿಸಿ: 3 − 9 = −6, 2 − (−1) = 3, ಮತ್ತೆ −2. ಅಂಶ, ಛೇದ ಎರಡರ ಚಿಹ್ನೆಯೂ ಒಟ್ಟಿಗೆ ಬದಲಾಗುವುದರಿಂದ ಭಾಗಲಬ್ಧ ಕದಲುವುದಿಲ್ಲ.

ಹಾಗಾದರೆ ಕ್ರಮ ಬದಲಿಸಿದಾಗ ಉತ್ತರ ಕೆಡುವುದೇಕೆ? ಅರ್ಧ ಮಾತ್ರ ಬದಲಿಸುವುದರಿಂದ. ಮೇಲೆ 9 − 3 ಬರೆದು ಕೆಳಗೆ 2 − (−1) ಬರೆದರೆ ಇಳಿಜಾರು 2 ಆಗಿ, (2, 3) ಬಿಂದುವನ್ನಿಟ್ಟುಕೊಂಡು ಸಮೀಕರಣ ಕಟ್ಟಿದಾಗ ವೈ = 2ಎಕ್ಸ್ − 1 ಬರುತ್ತದೆ. ಇದಕ್ಕೆ (2, 3) ಹಾಕಿದರೆ ತಾಳೆಯಾಗುತ್ತದೆ, ಮಕ್ಕಳು ಅಲ್ಲಿಗೇ ನಿಲ್ಲಿಸುತ್ತಾರೆ. ಆ ಬಿಂದುವನ್ನಿಟ್ಟುಕೊಂಡೇ ಸಮೀಕರಣ ಕಟ್ಟಿದ್ದಲ್ಲವೇ, ಇಳಿಜಾರು ಏನೇ ಇದ್ದರೂ ಅದು ತಾಳೆಯಾಗಲೇಬೇಕು! ಬಳಸದೆ ಉಳಿದ ಬಿಂದುವನ್ನು ಹಾಕಿ: ಎಕ್ಸ್ = −1 ಆದಾಗ ವೈ = −3. ಬರಬೇಕಾದದ್ದು 9. ತಪ್ಪು ಸಿಕ್ಕಿಬಿತ್ತು.

ಸರಿಯಾದ ಇಳಿಜಾರಿನೊಂದಿಗೆ ಒಬ್ಬರು ವೈ − 3 = −2(ಎಕ್ಸ್ − 2) ಎಂದು, ಇನ್ನೊಬ್ಬರು ವೈ − 9 = −2(ಎಕ್ಸ್ + 1) ಎಂದು ಬರೆಯಬಹುದು. ನೋಡಲು ಬೇರೆ, ಆವರಣ ಬಿಡಿಸಿದರೆ ಎರಡೂ ವೈ = −2ಎಕ್ಸ್ + 7. ಎರಡನೆಯದರಲ್ಲಿ +1 ಬಂದದ್ದು ಎಕ್ಸ್ − (−1) ಇಂದ. ಅಂಕ ಹೆಚ್ಚು ಹೋಗುವುದು ಇಲ್ಲೇ.

ಯಾರೂ ಕೇಳದಿದ್ದರೂ ಇದನ್ನೂ ಹೇಳಬೇಕು. (4, 1), (4, 7) ಕೊಟ್ಟರೆ ಛೇದ 0. ಆಗ ಇಳಿಜಾರು 0 ಎಂದು ಬರೆಯುವವರಿದ್ದಾರೆ. ಅಡ್ಡ ಮಲಗಿದ ರೇಖೆಯ ಇಳಿಜಾರು 0, ನೆಟ್ಟಗೆ ನಿಂತ ರೇಖೆಗೆ ಇಳಿಜಾರೇ ಇಲ್ಲ. ಸೂತ್ರ ಬದಿಗಿಟ್ಟು ಬಿಂದುಗಳನ್ನೇ ನೋಡಿ: ವೈ ಏನೇ ಆಗಲಿ, ಎಕ್ಸ್ ಮಾತ್ರ 4 ಆಗಿಯೇ ಇದೆ. ಸಮೀಕರಣ ಅಷ್ಟೇ, ಎಕ್ಸ್ = 4.