ಎಲೆಕ್ಟ್ರಾನ್ ಹೊರಟಿತು, ಪ್ರೋಟಾನ್‌ಗೆ ದಾರಿ ಎಲ್ಲಿ?

ದ್ಯುತಿಸಂಶ್ಲೇಷಣೆಯ ಪಾಠದ ಚಿತ್ರದಲ್ಲಿ ಬಾಣಗಳೆಲ್ಲ ಹೆಚ್ಚಾಗಿ ಎಲೆಕ್ಟ್ರಾನ್‌ಗೇ ಮೀಸಲು. ಬೆಳಕು ಬೀಳುತ್ತದೆ, ಪತ್ರಹರಿತ್ತಿನಿಂದ ಎಲೆಕ್ಟ್ರಾನ್ ಎದ್ದು ಅಣುವಿನಿಂದ ಅಣುವಿಗೆ ಜಿಗಿಯುತ್ತ ಹೋಗುತ್ತದೆ. ಪ್ರೋಟಾನ್ ಮದುವೆಮನೆಗೆ ಬಂದ ದೂರದ ನೆಂಟನಂತೆ ಮೂಲೆಯಲ್ಲಿ ನಿಂತಿರುತ್ತದೆ. ಎಲೆಯ ಕೆಲಸವನ್ನು ಸೀಸೆಯಲ್ಲಿ ಮಾಡಿಸಲು ಹೊರಟ ರಸಾಯನಶಾಸ್ತ್ರಜ್ಞರ ಕಣ್ಣೂ ಬಹುಕಾಲ ಎಲೆಕ್ಟ್ರಾನ್ ಮೇಲೆಯೇ ಇತ್ತು.

ಆಸೆಯೇನೋ ಹಳೆಯದು. ಇಟಲಿಯ ಬೊಲೊನ್ಯಾದಲ್ಲಿ ಜಾಕೊಮೊ ಚಾಮಿಚಿಯಾನ್ ತಮ್ಮ ಸಂಸ್ಥೆಯ ತಾರಸಿಯ ಮೇಲೆ ಸೀಸೆಗಳನ್ನು ಸಾಲಾಗಿ ಬಿಸಿಲಿಗಿಟ್ಟು ಪ್ರಯೋಗ ನಡೆಸುತ್ತಿದ್ದರು. ಗಿಡಗಳ ಗುಟ್ಟು ಕೈಗೆ ಸಿಕ್ಕರೆ ಕಲ್ಲಿದ್ದಲಿನ ಹಂಗು ಇರುವುದಿಲ್ಲ ಎಂಬ ಕನಸನ್ನು 1912ರಲ್ಲಿ ನ್ಯೂಯಾರ್ಕ್‌ನ ಭಾಷಣದಲ್ಲಿ ಬಿಡಿಸಿಟ್ಟರು. ಎಂಬತ್ತರ ದಶಕದಲ್ಲಿ ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಡೆವನ್ಸ್ ಗಸ್ಟ್, ಥಾಮಸ್ ಮೂರ್ ಮತ್ತು ಅನಾ ಮೂರ್ ಅವರ ತಂಡ ಕ್ಯಾರೊಟಿನಾಯ್ಡ್ ಎಂಬ ವರ್ಣಕ, ಪತ್ರಹರಿತ್ತಿನ ನೆಂಟನಾದ ಪಾರ್ಫಿರಿನ್, ಎಲೆಕ್ಟ್ರಾನ್ ಹಿಡಿದಿಡುವ ಕ್ವಿನೋನ್‌ಗಳನ್ನು ಒಂದೇ ಸರಪಣಿಯಾಗಿ ಹೆಣೆಯಿತು. ಬೆಳಕು ತಾಗಿದರೆ ಎಲೆಕ್ಟ್ರಾನ್ ಕ್ವಿನೋನ್ ತುದಿಗೆ ಸರಿಯುತ್ತಿತ್ತು. ಪಾಠದ ಬಾಣ ಸೀಸೆಗೆ ಇಳಿದಿತ್ತು. ನೀರನ್ನು ಒಡೆಯುವುದು ಬೇರೆಯೇ ಮಾತು.

ಎಲೆಯಲ್ಲಿ ಆ ಕೆಲಸ ನಡೆಯುವುದು ಫೋಟೊಸಿಸ್ಟಂ-2 ಎಂಬ ಪ್ರೋಟೀನ್ ಕಟ್ಟಡದಲ್ಲಿ. ಅಲ್ಲಿನ ಪಿ680 ಎಂಬ ಪತ್ರಹರಿತ್ತು ಬೆಳಕು ಹೀರಿ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಆ ನಷ್ಟವನ್ನು ಮ್ಯಾಂಗನೀಸ್ ಗೊಂಚಲೊಂದು ತುಂಬಿಕೊಡುತ್ತದೆ. ಹೀಗೆ ನಾಲ್ಕು ಸಲ ಕೊಟ್ಟ ಮೇಲೆ ನೀರಿನಿಂದ ಆಮ್ಲಜನಕ ಹೊರಬೀಳುತ್ತದೆ. ಇಬ್ಬರ ನಡುವೆ ದಲ್ಲಾಳಿಯೊಂದಿದೆ: ಟೈರೋಸಿನ್ ಎಂಬ ಅಮೈನೊ ಆಮ್ಲ. ಅದರ ಪಾತ್ರ ಬಯಲಾದದ್ದು 1987ರಲ್ಲಿ ಬ್ರಿಜೆಟ್ ಬ್ಯಾರಿ ಮತ್ತು ಜೆರಾಲ್ಡ್ ಬ್ಯಾಬ್‌ಕಾಕ್ ಅವರ ಕೆಲಸದಿಂದ.

ಈ ದಲ್ಲಾಳಿಯ ವ್ಯವಹಾರವನ್ನು ತುಸು ಹತ್ತಿರದಿಂದ ನೋಡಬೇಕು. ಟೈರೋಸಿನ್‌ನ ತುದಿಯಲ್ಲಿ ಒಂದು ಆಮ್ಲಜನಕ, ಅದಕ್ಕಂಟಿದ ಒಂದು ಜಲಜನಕ; ಆ ಜಲಜನಕದ ಬೀಜವೇ ನಮ್ಮ ಪ್ರೋಟಾನ್. ಎದುರಿಗೇ ಹಿಸ್ಟಿಡಿನ್ ಎಂಬ ಇನ್ನೊಂದು ಅಮೈನೊ ಆಮ್ಲದ ಸಾರಜನಕ. ಜಪಾನಿನ ಶೆನ್ ಮತ್ತು ಕಾಮಿಯಾ ಅವರ ತಂಡ 2011ರಲ್ಲಿ ಬಿಡಿಸಿದ ಫೋಟೊಸಿಸ್ಟಂ-2ರ ರಚನೆಯಲ್ಲಿ ಆಮ್ಲಜನಕ, ಸಾರಜನಕಗಳ ನಡುವಿನ ಅಂತರ ಸುಮಾರು 2.5 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು), ಹೈಡ್ರೋಜನ್ ಬಂಧದ ಲೆಕ್ಕದಲ್ಲಿ ಮೈಗೆ ಮೈ ತಾಗುವಷ್ಟು ಹತ್ತಿರ. ಎಲೆಕ್ಟ್ರಾನ್ ಕಳೆದುಕೊಂಡರೆ ಟೈರೋಸಿನ್‌ನ ಆಮ್ಲೀಯತೆ ಹೆಚ್ಚುಕಡಿಮೆ ಲಕ್ಷ ಕೋಟಿ ಪಟ್ಟು ಏರುತ್ತದೆ, ಪ್ರೋಟಾನ್ ಅದರ ಕೈಯಲ್ಲಿ ನಿಲ್ಲುವುದಿಲ್ಲ. ಪ್ರೋಟಾನ್‌ಗೆ ಹೋಗಲು ಜಾಗವೇ ಇಲ್ಲದಿದ್ದರೆ? ಎಲೆಕ್ಟ್ರಾನ್ ಕೀಳಲು 1.4 ವೋಲ್ಟ್‌ನ ಆಸುಪಾಸು ಬೇಕಾಗುತ್ತದೆ. ಪಿ680ರ ಗಂಟಿನಲ್ಲಿರುವುದು ಸುಮಾರು 1.25. ವ್ಯಾಪಾರ ಕುದುರುವುದಿಲ್ಲ. ಪ್ರೋಟಾನ್ ಹಿಸ್ಟಿಡಿನ್ ಕಡೆ ಸರಿದರೆ ಬೆಲೆ ಕೈಗೆಟಕುವಷ್ಟು ಇಳಿಯುತ್ತದೆ.

ಎರಡೂ ಕಣಗಳು ಹೀಗೆ ಒಂದನ್ನೊಂದು ನಂಬಿ ಚಲಿಸುವುದಕ್ಕೆ ‘ಪ್ರೋಟಾನ್ ಜೊತೆಗೂಡಿದ ಎಲೆಕ್ಟ್ರಾನ್ ವರ್ಗಾವಣೆ’ ಎಂಬ ಹೆಸರು ಅಮೆರಿಕದ ರಸಾಯನಶಾಸ್ತ್ರಜ್ಞ ಥಾಮಸ್ ಮೆಯರ್ ಅವರ ತಂಡದಿಂದ 1981ರಲ್ಲಿ ಬಂತು. ಹೆಸರಿಟ್ಟಷ್ಟು ಸುಲಭವಲ್ಲ ಲೆಕ್ಕ. ಪ್ರೋಟಾನ್ 1,836 ಪಟ್ಟು ಭಾರ. ಎಲೆಕ್ಟ್ರಾನ್ ಹತ್ತು ಆಂಗ್‌ಸ್ಟ್ರಾಂ ಆಚೆಗೂ ನುಸುಳಬಲ್ಲದು, ಪ್ರೋಟಾನ್‌ಗೆ ಒಂದು ಆಂಗ್‌ಸ್ಟ್ರಾಂ ದಾಟುವುದರಲ್ಲೇ ಏದುಸಿರು. ದಿಕ್ಕೂ ಬೇರೆ: ಒಂದು ಪಿ680 ಕಡೆಗೆ, ಇನ್ನೊಂದು ಹಿಸ್ಟಿಡಿನ್ ಕಡೆಗೆ. ಎತ್ತು ಏರಿಗೆ, ಕೋಣ ನೀರಿಗೆ; ಆದರೂ ಬಂಡಿ ಸಾಗುತ್ತದೆ. ಇದರ ಗಣಿತವನ್ನು ಕಟ್ಟಿದವರಲ್ಲಿ ಶರಾನ್ ಹ್ಯಾಮ್ಸ್-ಶಿಫರ್ ಹೆಸರು ದೊಡ್ಡದು.

ಸ್ವೀಡನ್ನಿನ ಗುಂಪೊಂದು ತೊಂಬತ್ತರ ದಶಕದಲ್ಲೇ ರುಥೇನಿಯಂ ಎಂಬ ಲೋಹದ ಸಂಯುಕ್ತಕ್ಕೆ ಟೈರೋಸಿನ್ ಜೋಡಿಸಿ ಬೆಳಕಿನಿಂದ ಎಲೆಕ್ಟ್ರಾನ್ ಕಿತ್ತು ನೋಡಿತ್ತು. ಅರಿಜೋನಾದವರು ಇಡೀ ಜೋಡಿಯನ್ನೇ ನಕಲು ಮಾಡಿದರು. ಟೈರೋಸಿನ್ ಬದಲು ಫೀನಾಲ್, ಹಿಸ್ಟಿಡಿನ್ ಬದಲು ಅದರಂತೆಯೇ ಸಾರಜನಕವಿರುವ ಬೆಂಜಿಮಿಡಜೋಲ್, ಬೆಳಕು ಹೀರಲು ಪಾರ್ಫಿರಿನ್. 2012ರಲ್ಲಿ ಪ್ರಕಟವಾದ ಅಣುವಿನಲ್ಲಿ ಎಲೆಕ್ಟ್ರಾನ್ ಹೊರಟಾಗ ಪ್ರೋಟಾನ್ ಪಕ್ಕದ ಸಾರಜನಕಕ್ಕೆ ಸರಿಯಿತು. ಬೇರ್ಪಟ್ಟ ವಿದ್ಯುದಂಶಗಳು ಕೆಲವು ಮೈಕ್ರೊಸೆಕೆಂಡು ಬಾಳಿದವು. ಅಣುಲೋಕದಲ್ಲಿ ಅದು ದೀರ್ಘಾಯುಷ್ಯ.

ಪ್ರೋಟಾನ್ ಅನ್ನು ಇನ್ನೂ ದೂರ ಕಳಿಸಬಹುದೇ? ಉಪಾಯ ಹಳೆಯದೇ, ಥಿಯೋಡರ್ ಗ್ರೋಥಸ್ 1806ರಲ್ಲಿ ಊಹಿಸಿದ್ದು. ಮನೆಗೆ ಹಂಚು ಹೊದಿಸುವಾಗ ಸಾಲಾಗಿ ನಿಂತವರು ಕೈಯಿಂದ ಕೈಗೆ ಹಂಚು ದಾಟಿಸುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ವ್ಯತ್ಯಾಸವಿಷ್ಟೇ: ಇಲ್ಲಿ ಪ್ರತಿಯೊಬ್ಬನೂ ತನಗೆ ಬಂದದ್ದನ್ನು ಇಟ್ಟುಕೊಂಡು ತನ್ನಲ್ಲಿದ್ದದ್ದನ್ನು ಮುಂದಕ್ಕೆ ಕೊಡುತ್ತಾನೆ. ಬೆಂಜಿಮಿಡಜೋಲ್‌ಗಳನ್ನು ಸಾಲಾಗಿ ಹೊಸೆದ ಅಣುಗಳಲ್ಲಿ ನಾಲ್ಕು ಪ್ರೋಟಾನ್‌ಗಳು ಹೀಗೆ ಸುಮಾರು 16 ಆಂಗ್‌ಸ್ಟ್ರಾಂ ಉದ್ದಕ್ಕೆ ಸರಿದದ್ದು 2019ರಲ್ಲಿ ವರದಿಯಾಯಿತು.

ಆದರೆ ಸಾಲಿನ ಕೊನೆಯವನ ಹಿಡಿತ ಬಲವಾದಷ್ಟೂ ಎಲೆಕ್ಟ್ರಾನ್ ಕಳೆದುಕೊಂಡ ಫೀನಾಲ್ ಬೇರೆಡೆಯಿಂದ ಎಲೆಕ್ಟ್ರಾನ್ ಸೆಳೆಯುವ ಬಲ ಸೊರಗುತ್ತದೆ. ಎರಡು ಪ್ರೋಟಾನ್ ಸರಿಯುವ ಅಣುಗಳಲ್ಲಿ, ತುದಿಗೆ ಪ್ರೋಟಾನ್ ಅನ್ನು ಬಲವಾಗಿ ಹಿಡಿಯುವ ಅಮೈನ್ ಎಂಬ ಸಾರಜನಕದ ಗುಂಪು ಇದ್ದಾಗ, ಫೀನಾಲ್‌ನ ವೋಲ್ಟೇಜ್ ಸುಮಾರು 300 ಮಿಲಿವೋಲ್ಟ್ ಕುಸಿಯಿತು. ಅಷ್ಟು ಕಳೆದುಕೊಂಡ ಮೇಲೆ ನೀರನ್ನು ಒಡೆಯುವ ಮಾತೆಲ್ಲಿ? ಹಾಗಾಗಿ ತುದಿಗೆ ಅಷ್ಟೇನೂ ಆಸೆಬುರುಕವಲ್ಲದ ಇಮೈನ್ ಗುಂಪುಗಳನ್ನು ಕೂರಿಸಿ ನೋಡಿದರು. ಎಲೆಯ ಜಿಪುಣತನಕ್ಕೂ ಇದೇ ಕಾರಣವಿರಬೇಕು. ಅಲ್ಲಿ ಪ್ರೋಟಾನ್ ಹಿಸ್ಟಿಡಿನ್‌ವರೆಗೆ ಒಂದೇ ಹೆಜ್ಜೆ ಇಟ್ಟು ಕಾಯುತ್ತದೆ, ಮ್ಯಾಂಗನೀಸ್ ಕಡೆಯಿಂದ ಎಲೆಕ್ಟ್ರಾನ್ ಬಂದೊಡನೆ ಹಿಂದಿರುಗುತ್ತದೆ ಎಂಬುದು ಇಂದು ಹೆಚ್ಚಿನವರು ಒಪ್ಪುವ ವಿವರಣೆ.