ಸರಾಸರಿ ಮಳೆ ಯಾವತ್ತೂ ಬರುವುದಿಲ್ಲ

2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತಲಿನ ಗುಡ್ಡಗಳು ಹೊತ್ತಿ ಉರಿದವಲ್ಲ, ಆ ಬೆಂಕಿಗೆ ಸೌದೆ ಕೂಡಿಹಾಕಿದ್ದು ಮಳೆ.

ಅದಕ್ಕೂ ಹಿಂದಿನ ಎರಡು ಚಳಿಗಾಲ ಅಲ್ಲಿ ಭರ್ಜರಿ ಮಳೆಯಾಗಿತ್ತು. (ಅಲ್ಲಿ ಮಳೆಗಾಲವೆಂದರೆ ಚಳಿಗಾಲವೇ.) ಹುಲ್ಲು, ಪೊದೆ ಎಲ್ಲ ಸೊಂಪಾಗಿ ಬೆಳೆದವು. ಆಮೇಲೆ 2024ರ ಮೇ ತಿಂಗಳಿನಿಂದ ಎಂಟು ತಿಂಗಳಲ್ಲಿ ನಗರದ ನಡುಭಾಗಕ್ಕೆ ಬಿದ್ದದ್ದು ಸುಮಾರು 4 ಮಿಲಿಮೀಟರ್ ಮಳೆ. ಅಂಗಳ ಒದ್ದೆಯಾಗುವುದಕ್ಕೂ ಸಾಲದು. ಬೆಳೆದದ್ದೆಲ್ಲ ಒಣಗಿ ನಿಂತಿತು. ಜನವರಿ 7ರಂದು ಮರುಭೂಮಿ ಕಡೆಯಿಂದ ಒಣಗಾಳಿ ಜೋರಾಗಿ ಬೀಸಿತು. 16 ಸಾವಿರಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದವು.

ಆ ಮೂರು ವರ್ಷದ ಮಳೆಯನ್ನು ಕೂಡಿಸಿ ಮೂರರಿಂದ ಭಾಗಿಸಿ. ಉತ್ತರ ಮಾಮೂಲಿಗಿಂತ ಜಾಸ್ತಿಯೇ ಬರುತ್ತದೆ. ಲೆಕ್ಕದ ಪುಸ್ತಕದಲ್ಲಿ ಬರವೇ ಇಲ್ಲ! ಅದಕ್ಕೇ ನನಗೆ ಈ ಸರಾಸರಿಯ ಮೇಲೆ ಸಿಟ್ಟು. ಎಷ್ಟು ಮಳೆ ಬಂತು ಅನ್ನುವುದನ್ನು ಅದು ಹೇಳುತ್ತದೆ. ಯಾವಾಗ ಬಂತು, ಹೇಗೆ ಬಂತು, ನಡುವೆ ಎಷ್ಟು ದಿನ ಬರಲಿಲ್ಲ ಅನ್ನುವುದನ್ನು ನುಂಗಿಬಿಡುತ್ತದೆ. ಕಾಡಿಗೂ ಹೊಲಕ್ಕೂ ಕೆರೆಗೂ ಬೇಕಾದದ್ದು ಆ ಉಳಿದ ಮಾತುಗಳೇ.

ಮಳೆಯ ನಡೆ ಹೀಗೆ ಬದಲಾಗುವುದರ ಹಿಂದೆ ಸರಳವಾದ ಒಂದು ಭೌತವಿಜ್ಞಾನವಿದೆ. ಗಾಳಿ ಬಿಸಿಯಾದಷ್ಟೂ ಅದರಲ್ಲಿ ಹೆಚ್ಚು ನೀರಾವಿ ಹಿಡಿಸುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಗೆ ಸುಮಾರು 17 ಗ್ರಾಂ ಹಿಡಿಸಿದರೆ, 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ. ಒಂದೊಂದು ಡಿಗ್ರಿಗೆ ಸುಮಾರು 6-7% ಹೆಚ್ಚಳ. ಅಂದರೆ ಗಾಳಿಯ ಬಾಯಾರಿಕೆ ಹೆಚ್ಚಿತು. ಮಳೆ ಇಲ್ಲದ ದಿನಗಳಲ್ಲಿ ಅದು ಎಲೆಯಿಂದ, ಮಣ್ಣಿನಿಂದ, ಜಲಾಶಯದಿಂದ ನೀರನ್ನು ಹೀರುತ್ತಲೇ ಇರುತ್ತದೆ. ಸುರಿಯುವ ಹೊತ್ತು ಬಂದಾಗ ಸುರಿಯುವುದಕ್ಕೂ ಅದರ ಬಳಿ ಜಾಸ್ತಿ ನೀರಿರುತ್ತದೆ. ಅನಾವೃಷ್ಟಿ, ಅತಿವೃಷ್ಟಿ ಎರಡನ್ನೂ ನಾವು ಒಟ್ಟಿಗೇ ಹೇಳಿ ರೂಢಿ. ಈಗ ನೋಡಿದರೆ ಎರಡೂ ಒಂದೇ ತಾಯಿಯ ಮಕ್ಕಳು.

ಮತ್ತೆ ಬೆಂಕಿಗೆ ಬರೋಣ. ಬೆಂಕಿಯ ವಿಜ್ಞಾನದಲ್ಲಿ ಒಣ ಕಟ್ಟಿಗೆಯನ್ನು ಗಂಟೆಯಲ್ಲಿ ಅಳೆಯುತ್ತಾರೆ. ಒಣಹುಲ್ಲು, ತರಗೆಲೆ, ತೆಳು ಕಡ್ಡಿ ‘ಒಂದು ಗಂಟೆ’ಯ ಜಾತಿ. ಸುತ್ತಲಿನ ಗಾಳಿ ಬದಲಾದರೆ ಗಂಟೆಯೊಳಗೆ ಅವುಗಳ ತೇವವೂ ಬದಲಾಗುತ್ತದೆ. ತೋಳಿಗಿಂತ ದಪ್ಪದ ದಿಮ್ಮಿಗಳು ‘ಸಾವಿರ ಗಂಟೆ’ಯವು. ಅಂದರೆ ಹೆಚ್ಚುಕಡಿಮೆ 40 ದಿನ. ಹಾಗಾಗಿ ಬೆಳಿಗ್ಗೆ ಒಂದು ಹದ ಮಳೆ ಬಿದ್ದರೂ ಮಧ್ಯಾಹ್ನದ ಬಿಸಿಲಿಗೆ ಹುಲ್ಲು ಮತ್ತೆ ಬೆಂಕಿಪೊಟ್ಟಣ. ದಿಮ್ಮಿಗಳ ವಿಷಯ ಬೇರೆ. ಅವು ಒಳಗಿನವರೆಗೆ ಒಣಗಲು ತಿಂಗಳುಗಟ್ಟಲೆ ಬರ ಬೇಕು. ಒಮ್ಮೆ ಒಣಗಿದವೋ, ಆಗ ಹೊತ್ತಿದ ಬೆಂಕಿಯನ್ನು ಆರಿಸುವುದು ಮನುಷ್ಯರ ಕೈಲಿ ಇರುವುದಿಲ್ಲ.

ಇದರ ಎರಡೂ ಮುಖಗಳನ್ನು ಆಸ್ಟ್ರೇಲಿಯಾ ಕಂಡಿದೆ. 2019 ಅಲ್ಲಿನ ದಾಖಲೆಯಲ್ಲೇ ಅತಿ ಒಣ ವರ್ಷ. ಆ ಬೇಸಿಗೆಯಲ್ಲಿ ಉರಿದದ್ದು ಆಗ್ನೇಯದ ದಟ್ಟ ಕಾಡು. ಆದರೆ 1974-75ರಲ್ಲಿ ಅಲ್ಲಿ ಸುಮಾರು 11.7 ಕೋಟಿ ಹೆಕ್ಟೇರ್ ಸುಟ್ಟಿತು. ಇಡೀ ಖಂಡದ 15%! ಅದು ಬಹುಪಾಲು ಒಳನಾಡಿನ ಬಂಜರು ಸೀಮೆ. ಕಾರಣ, ಅದಕ್ಕೆ ಮೊದಲು ಬಂದ ಅಪರೂಪದ ಒಳ್ಳೆಯ ಮಳೆ. ದಟ್ಟ ಕಾಡಿನಲ್ಲಿ ಸೌದೆಗೆ ಯಾವಾಗಲೂ ಬರವಿಲ್ಲ, ಅದು ಒಣಗಬೇಕಷ್ಟೆ. ಬಯಲಿನಲ್ಲಿ ಒಣಗುವುದು ಕಷ್ಟವಲ್ಲ, ಮೊದಲು ಬೆಳೆಯಬೇಕಷ್ಟೆ. ಒಂದೇ ಮಳೆ, ಜಾಗ ಬದಲಾದರೆ ಅರ್ಥವೂ ಬದಲು.

ಹೊಲಕ್ಕೂ ವರ್ಷದ ಒಟ್ಟು ಮಳೆ ಕಟ್ಟಿಕೊಂಡು ಏನೂ ಆಗಬೇಕಿಲ್ಲ. ಬೇರಿಗೆ ಎಟಕುವಷ್ಟು ಆಳದಲ್ಲಿ ಇವತ್ತು ತೇವ ಇದೆಯೋ ಇಲ್ಲವೋ, ಅಷ್ಟೇ ಲೆಕ್ಕ. ದಿನಕ್ಕೆ 10 ಮಿಲಿಮೀಟರಿನಂತೆ ಹತ್ತು ದಿನ ಬಿದ್ದ ಮಳೆ ಮಣ್ಣಿಗೆ ಇಳಿಯುತ್ತದೆ. ಅದೇ 100 ಮಿಲಿಮೀಟರ್ ಒಂದೇ ಗಂಟೆಯಲ್ಲಿ ಬಿದ್ದರೆ ಬಹುಪಾಲು ಮೇಲ್ಮಣ್ಣನ್ನೂ ಎಳೆದುಕೊಂಡು ಹಳ್ಳ ಸೇರುತ್ತದೆ. ಮಳೆಮಾಪಕ ಎರಡಕ್ಕೂ ಒಂದೇ ಅಂಕಿ ಬರೆಯುತ್ತದೆ.

ಸಮಯದ ಮಾತು ಬಂದರೆ ಮುಸುಕಿನ ಜೋಳ ನೋಡಿ. ಗಿಡದ ತುದಿಯಲ್ಲಿ ಗಂಡು ಹೂ, ನಡುವಿನ ತೆನೆಯಲ್ಲಿ ರೇಷ್ಮೆಯಂಥ ಎಳೆಗಳು. ಒಂದೊಂದು ಎಳೆಗೂ ಒಂದೊಂದು ಕಾಳು. ಪರಾಗ ಉದುರುವ ಕೆಲವು ದಿನಗಳಲ್ಲೇ ಎಳೆ ಹೊರಗೆ ಬರಬೇಕು. ಆಗ ನೀರಿನ ಕೊರತೆಯಾದರೆ ಎಳೆ ತಡವಾಗಿ ಬರುತ್ತದೆ, ಅಷ್ಟರಲ್ಲಿ ಪರಾಗ ಮುಗಿದಿರುತ್ತದೆ. ಆಮೇಲೆ ಎಷ್ಟು ಮಳೆ ಬಂದರೇನು? ಗಿಡ ಹಸಿರಾಗಿರುತ್ತದೆ, ತೆನೆ ಬೋಳು. ಎಲೆಗಳಿಗೂ ಒಂದು ಇಕ್ಕಟ್ಟಿದೆ. ನೀರು ಉಳಿಸಲು ಅವು ತಮ್ಮ ಸಣ್ಣ ರಂಧ್ರಗಳನ್ನು ಮುಚ್ಚುತ್ತವೆ. ಆದರೆ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದೂ ಅದೇ ಬಾಗಿಲಿನಿಂದ. ಬಾಯಾರಿಕೆ ತಡೆದರೆ ಹಸಿವು. ಮಣ್ಣಿನ ಮೇಲೆ ಕಸಕಡ್ಡಿಯ ಹೊದಿಕೆ ಹಾಕುವುದು, ಗೊಬ್ಬರದಿಂದ ಮಣ್ಣನ್ನು ಸಡಿಲವಾಗಿಡುವುದು ಸುಮ್ನೆ ಹಳೇ ಕಾಲದ ಮಾತಲ್ಲ. ಎರಡು ಮಳೆಯ ನಡುವಿನ ಆ ದಿನಗಳನ್ನು ದಾಟಿಸುವುದು ಅದೇ.

ಡ್ಯಾಂ ನೋಡಿಕೊಳ್ಳುವವರ ಪಾಡು ಇನ್ನೂ ವಿಚಿತ್ರ. ಪ್ರವಾಹ ತಡೆಯಲು ಜಲಾಶಯ ಖಾಲಿ ಇರಬೇಕು. ಬರಕ್ಕೆ ತುಂಬಿರಬೇಕು. ಎಷ್ಟು ಖಾಲಿ, ಯಾವ ತಿಂಗಳಲ್ಲಿ ಅನ್ನುವುದನ್ನು ಹಳೆಯ ಮಳೆ ನೋಡಿ ಮೊದಲೇ ಬರೆದಿಟ್ಟಿರುತ್ತಾರೆ. ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಜಲಾಶಯಕ್ಕೆ 2012ರ ಡಿಸೆಂಬರಿನಲ್ಲಿ ಬಿರುಮಳೆಯ ನೀರು ಬಂತು. ನಿಯಮದ ಪ್ರಕಾರ ಮುಂದಿನ ಪ್ರವಾಹಕ್ಕೆ ಜಾಗ ಮಾಡಲು ಅದನ್ನು ಹೊರಗೆ ಬಿಟ್ಟರು. ಆ ಪ್ರವಾಹ ಬರಲೇ ಇಲ್ಲ. 2013 ಅಲ್ಲಿನ ದಾಖಲೆಯ ಒಣ ವರ್ಷವಾಯಿತು. ಯಾರೂ ತಪ್ಪು ಮಾಡಿರಲಿಲ್ಲ. ತಪ್ಪಿದ್ದದ್ದು ನಿಯಮದಲ್ಲಿ, ಅದು ಆಕಾಶವನ್ನು ನೋಡದೆ ಕ್ಯಾಲೆಂಡರ್ ನೋಡುತ್ತಿತ್ತು. ಆಮೇಲೆ ಅಲ್ಲಿ ಹವಾಮಾನ ಮುನ್ಸೂಚನೆ ನೋಡಿ ನೀರು ಬಿಡುವ ಪ್ರಯೋಗ ಶುರುವಾಯಿತು. ಬಿರುಮಳೆಯ ಸುಳಿವಿಲ್ಲದಿದ್ದರೆ ನೀರು ಹಿಡಿದಿಡು, ಸುಳಿವು ಸಿಕ್ಕರೆ ಬಿಡು. ಒಣಗಿಹೋಗಿದ್ದ 2020ರಲ್ಲಿ ಇದರಿಂದ ಸುಮಾರು ಐದನೇ ಒಂದರಷ್ಟು ಹೆಚ್ಚು ನೀರು ಉಳಿಯಿತು. ಹೊಸ ಗೋಡೆ ಕಟ್ಟಲಿಲ್ಲ, ಸಿಮೆಂಟ್ ಸುರಿಯಲಿಲ್ಲ.

ಅಮೆರಿಕದ ಕೊಲೊರಾಡೊ ನದಿಯದು ಇದಕ್ಕಿಂತ ಹಳೆಯ ಪೆಟ್ಟು. 1922ರಲ್ಲಿ ಅದರ ನೀರನ್ನು ಅಲ್ಲಿನ ರಾಜ್ಯಗಳು ಹಂಚಿಕೊಂಡಾಗ ಲೆಕ್ಕಕ್ಕೆ ಹಿಡಿದದ್ದು ಅದಕ್ಕೆ ಹಿಂದಿನ ಕೆಲವು ವರ್ಷಗಳ ಹರಿವು. ಅವು ಶತಮಾನಗಳಲ್ಲೇ ವಿಶೇಷವಾಗಿ ತೇವದ ವರ್ಷಗಳೆಂದು ಆಮೇಲೆ ಮರಗಳ ಉಂಗುರಗಳು (ಮಳೆ ಚೆನ್ನಾಗಿದ್ದ ವರ್ಷ ಇವು ದಪ್ಪಗೆ ಮೂಡುತ್ತವೆ) ಹೇಳಿದವು. ಇಲ್ಲದ ನೀರನ್ನು ಹಂಚಿಕೊಂಡು ನೂರು ವರ್ಷದಿಂದ ಜಗಳ.

ಬೆಂಕಿ, ನೀರು ಬೇರೆಬೇರೆ ಇಲಾಖೆ ಅಂದುಕೊಳ್ಳುತ್ತೇವೆ. ಆದರೆ ಕಾಡು ಉರಿದಾಗ ಗಿಡಗಳ ಮೇಣದಂಥ ಅಂಶ ಆವಿಯಾಗಿ, ಮಣ್ಣಿನೊಳಗೆ ಇಳಿದು ತಣ್ಣಗಾಗಿ ಅಂಟಿಕೊಳ್ಳುತ್ತದೆ. ಅಂಥ ಮಣ್ಣಿನ ಮೇಲೆ ನೀರು ಕೆಸುವಿನೆಲೆಯ ಮೇಲಿನಂತೆ ಜಾರುತ್ತದೆ. ಅಮೆರಿಕದ ಡೆನ್ವರ್ ನಗರಕ್ಕೆ ನೀರು ಕೊಡುವ ಸ್ಟ್ರಾಂಶಿಯಾ ಸ್ಪ್ರಿಂಗ್ಸ್ ಜಲಾಶಯದ ಮೇಲ್ಭಾಗದ ಕಾಡು 1996ರಲ್ಲಿ ಒಮ್ಮೆ, 2002ರಲ್ಲಿ ಇನ್ನೊಮ್ಮೆ ಸುಟ್ಟಿತು. ಎರಡೂ ಸಲ ಹಿಂದೆಯೇ ಮಳೆ ಬಂತು. ಬೂದಿ, ಮರಳು, ಸುಟ್ಟ ದಿಮ್ಮಿ ಎಲ್ಲ ಕೊಚ್ಚಿಕೊಂಡು ಜಲಾಶಯ ಸೇರಿತು. ನೀರು ಶುದ್ಧ ಮಾಡಲು, ಹೂಳೆತ್ತಲು ನಗರ 2.7 ಕೋಟಿ ಡಾಲರಿಗೂ ಹೆಚ್ಚು ಸುರಿಯಬೇಕಾಯಿತು. ಬೆಂಕಿ ಆರಿ ವರ್ಷಗಳಾದ ಮೇಲೂ ಹೂಳು ಇಳಿದು ಬರುತ್ತಲೇ ಇತ್ತು.